ಪ್ರಶ್ನೋತ್ತರ: ಮಡಿಕೆ ತಪ್ಪಿದ ಪ್ರೋಟೀನ್, ಜೀವಕೋಶ ಮತ್ತು ಯಕೃತ್ತು

ಯಕೃತ್ತು ತಜ್ಞೆ: ಮಡಿಕೆ ತಪ್ಪಿದ, ಅಂದರೆ ಸರಿಯಾದ ಆಕಾರಕ್ಕೆ ಮಡಚಿಕೊಳ್ಳದ ಪ್ರೋಟೀನುಗಳನ್ನು ಜೀವಕೋಶ ಹೇಗೆ ನಿಭಾಯಿಸುತ್ತದೆ, ನಿಭಾಯಿಸಲಾಗದಾಗ ಯಾವ ಕಾಯಿಲೆಗಳು ಬರುತ್ತವೆ ಎಂಬುದರ ಬಗ್ಗೆ ಇಂದು ಪ್ರಶ್ನೆ ಕೇಳಬಹುದು. ವರದಿಗಳನ್ನು ಹಾಕುವವರು ರೋಗಿಯ ಹೆಸರನ್ನು ದಯವಿಟ್ಟು ಅಳಿಸಿ ಹಾಕಿ.

ಒಬ್ಬ ಸದಸ್ಯ: ಆಲ್‌ಝೈಮರ್ ಕಾಯಿಲೆ ಪ್ರೋಟೀನಿನಿಂದ ಬರುವುದಾದರೆ ಊಟದಲ್ಲಿ ಪ್ರೋಟೀನ್ ಕಡಿಮೆ ಮಾಡಬೇಕೇ ಮೇಡಂ?

ತಜ್ಞೆ: ಬೇಡ. ತಿಂದ ಪ್ರೋಟೀನ್ ಜೀರ್ಣವಾಗಿ ಅಮೈನೊ ಆಮ್ಲಗಳಾಗುತ್ತದೆ. ಮೆದುಳಿನಲ್ಲಿ ಗಂಟುಕಟ್ಟುವುದು ದೇಹವೇ ತಯಾರಿಸಿದ ಪ್ರೋಟೀನ್.

ವಿದ್ಯಾರ್ಥಿ: ಒಳಗೆ ಪ್ರೋಟೀನ್ ಕೆಟ್ಟಿದೆ ಎಂದು ಜೀವಕೋಶಕ್ಕೆ ತಿಳಿಯುವುದು ಹೇಗೆ?

ತಜ್ಞೆ: ಹೊರಗೆ ಕಳುಹಿಸಬೇಕಾದ ಪ್ರೋಟೀನುಗಳು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಜಾಲದೊಳಗೆ ಮಡಚಿಕೊಳ್ಳುತ್ತವೆ. ಆ ಪೊರೆಯಲ್ಲಿ ಐಆರ್‌ಇ1, ಪರ್ಕ್, ಎಟಿಎಫ್6 ಎಂಬ ಮೂರು ಕಾವಲು ಪ್ರೋಟೀನುಗಳಿವೆ. ಮಡಿಕೆ ತಪ್ಪಿದ ಸರಕು ಹೆಚ್ಚಾದಾಗ ಇವು ಎಚ್ಚರಗೊಳ್ಳುತ್ತವೆ. ಪರ್ಕ್ ಹೊಸ ಪ್ರೋಟೀನಿನ ತಯಾರಿಕೆಯನ್ನು ನಿಧಾನಗೊಳಿಸುತ್ತದೆ. ಉಳಿದೆರಡು ಮಡಚಲು ನೆರವಾಗುವ ಚಾಪರೋನ್‌ಗಳನ್ನೂ ಕೆಟ್ಟದ್ದನ್ನು ಒಡೆಯುವ ವ್ಯವಸ್ಥೆಯನ್ನೂ ಹೆಚ್ಚಿಸುತ್ತವೆ. ಇಷ್ಟಾದರೂ ಒತ್ತಡ ತಗ್ಗದಿದ್ದರೆ ಜೀವಕೋಶ ತನ್ನನ್ನೇ ಕೊನೆಗಾಣಿಸಿಕೊಳ್ಳುತ್ತದೆ. ಈ ಸಂಕೇತ ಮಾರ್ಗವನ್ನು ಬಿಡಿಸಿದ ಕಝುತೊಶಿ ಮೋರಿ ಮತ್ತು ಪೀಟರ್ ವಾಲ್ಟರ್ ಅವರಿಗೆ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. ಹುಟ್ಟಿನಿಂದಲೇ ಪರ್ಕ್ ಇಲ್ಲದ ಮಕ್ಕಳಿಗೆ ಶೈಶವದಲ್ಲೇ ಮಧುಮೇಹ ಬರುತ್ತದೆ, ಏಕೆಂದರೆ ಇನ್ಸುಲಿನ್ ತಯಾರಿಸುವ ಕೋಶಗಳು ಆ ಕಡಿವಾಣವಿಲ್ಲದೆ ಉಳಿಯಲಾರವು.

ಮಗುವಿನ ತಾಯಿ: ನನ್ನ ಮಗುವಿಗೆ ಐದು ವಾರ. ಕಾಮಾಲೆ ಇನ್ನೂ ಇಳಿದಿಲ್ಲ, ಮಲ ಬಿಳಿಚಿಕೊಂಡಿದೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಪರೀಕ್ಷೆಯಲ್ಲಿ 'ಝಡ್‌ಝಡ್' ಎಂದು ಬಂದಿದೆ. ಮಗುವಿನ ದೊಡ್ಡಪ್ಪನಿಗೂ ಇದೇ ದೋಷವಿದೆ, ಆದರೆ ಅವರಿಗೆ ಕೆಟ್ಟಿರುವುದು ಶ್ವಾಸಕೋಶ. ಉಪವಾಸದಿಂದ ಕೆಟ್ಟ ಪ್ರೋಟೀನ್ ಕರಗುತ್ತದೆ ಎಂಬ ಸಂದೇಶವೊಂದು ಬಂದಿರುವುದರಿಂದ, ರಾತ್ರಿ ಹಾಲು ನಿಲ್ಲಿಸಿ ನೋಡೋಣ ಎಂದು ಮನೆಯವರು ಹೇಳುತ್ತಿದ್ದಾರೆ.

ತಜ್ಞೆ: ಒಂದು ಹೊತ್ತಿನ ಹಾಲನ್ನೂ ನಿಲ್ಲಿಸಬೇಡಿ. ಕಾಯಿಲೆಯಿರುವ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ತೀರ ಕಡಿಮೆ. ಎಳೆಗೂಸನ್ನು ಹಸಿವಿನಲ್ಲಿಟ್ಟರೆ ರಕ್ತದ ಗ್ಲೂಕೋಸ್ ಕುಸಿದು ಮೂರ್ಛೆ ಹೋಗಬಹುದು, ಮೆದುಳಿಗೆ ಹಾನಿಯಾಗಬಹುದು. ಆ ಸಂದೇಶ ಬರೆದವರು ನಿಮ್ಮ ಮಗುವನ್ನು ನೋಡಿದವರಲ್ಲ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಈ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವುದು ಯಕೃತ್ತು, ಅದು ಕೆಲಸ ಮಾಡಬೇಕಾದದ್ದು ಶ್ವಾಸಕೋಶದಲ್ಲಿ. 'ಝಡ್‌ಝಡ್' ಎಂದರೆ ತಂದೆ ತಾಯಿ ಇಬ್ಬರಿಂದಲೂ ಇದರ ದೋಷವಿರುವ ಝಡ್ ರೂಪ ಬಂದಿದೆ ಎಂದು. ಆ ರೂಪದಲ್ಲಿ 342ನೇ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬಂದಿರುತ್ತದೆ. ಅದರಿಂದ ಮಡಿಕೆ ಸಡಿಲವಾಗಿ, ಒಂದು ಅಣುವಿನ ಕುಣಿಕೆ ಇನ್ನೊಂದರೊಳಗೆ ತೂರಿಕೊಂಡು, ಅಣುಗಳು ಸರಪಳಿಯಂತೆ ಪೋಣಿಸಿಕೊಂಡು ಯಕೃತ್ತಿನ ಕೋಶದಲ್ಲೇ ಉಳಿದುಬಿಡುತ್ತವೆ. ರಕ್ತಕ್ಕೆ ಸೇರುವುದು ಸಾಮಾನ್ಯ ಪ್ರಮಾಣದ ಸುಮಾರು ಶೇ 10ರಿಂದ 15 ಮಾತ್ರ. ಹೀಗಾಗಿ ದೊಡ್ಡಪ್ಪನ ಶ್ವಾಸಕೋಶ ಕೆಟ್ಟದ್ದು ಪ್ರೋಟೀನ್ ತಲುಪದೆ. ಮಗುವಿನ ಯಕೃತ್ತು ಬಳಲುತ್ತಿದ್ದರೆ ಅದು ಹೊರಹೋಗದೆ ಉಳಿದದ್ದರಿಂದ.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿಯೊಂದು ಇಲ್ಲಿದೆ. ಮೇಲೆ ಹೇಳಿದ ಮೂವರು ಕಾವಲುಗಾರರು ಈ ಸರಪಳಿಗಳಿಗೆ ಅಷ್ಟಾಗಿ ಎಚ್ಚರಗೊಳ್ಳುವುದೇ ಇಲ್ಲ. ಸರಪಳಿ ಅಚ್ಚುಕಟ್ಟಾಗಿರುವುದರಿಂದ, ಮಡಿಕೆ ಬಿಚ್ಚಿಕೊಂಡ ಪ್ರೋಟೀನಿನ ಲಕ್ಷಣ ಅದರಲ್ಲಿ ಕಾಣುವುದಿಲ್ಲ. ಕೋಶ ಅದನ್ನು ಒಡೆಯಲು ಪ್ರೋಟೀನನ್ನು ಕತ್ತರಿಸುವ ಪ್ರೋಟಿಯಸೋಮ್ ಮತ್ತು ಕೋಶ ತನ್ನದೇ ಕಸವನ್ನು ಜೀರ್ಣಿಸಿಕೊಳ್ಳುವ ಆಟೋಫೇಜಿಯನ್ನು ನೆಚ್ಚಿಕೊಳ್ಳಬೇಕು, ಆ ಸಾಮರ್ಥ್ಯ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಝಡ್‌ಝಡ್ ಇರುವ ಬಹುಪಾಲು ಮಕ್ಕಳ ಯಕೃತ್ತು ಚೆನ್ನಾಗಿಯೇ ಇರುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ.

ಆದರೆ ಈ ವರದಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಬಿಳಿಚಿದ ಮಲಕ್ಕೆ ಪಿತ್ತನಾಳ ಮುಚ್ಚಿಹೋಗಿರುವುದೂ ಕಾರಣವಾಗಬಹುದು. ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆಯನ್ನು ಎರಡು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು, ಮತ್ತು ನಿಮ್ಮ ಮಗುವಿಗೆ ಆಗಲೇ ಐದು ವಾರ. ಕಾಮಾಲೆಯ ಹಳದಿ ವರ್ಣಕವಾದ ಬಿಲಿರುಬಿನ್ನಿನಲ್ಲಿ, ಯಕೃತ್ತು ಸಂಸ್ಕರಿಸಿದರೂ ಪಿತ್ತದಲ್ಲಿ ಹೊರಹೋಗದೆ ಉಳಿದ 'ಡೈರೆಕ್ಟ್' ಭಾಗ ಎಷ್ಟಿದೆ? ಎಲ್ಲಾದರೂ ರಕ್ತಸ್ರಾವವಾಗಿದೆಯೇ?

ಹಿರಿಯ ಸದಸ್ಯ: ಉಪವಾಸದಿಂದ ಚುರುಕಾಗುವ ಆಟೋಫೇಜಿಗೆ ನೊಬೆಲ್ ಬಂದಿದೆಯಲ್ಲ ಡಾಕ್ಟರೇ? ಉಪವಾಸವನ್ನು ಹೀಗೆ ತಳ್ಳಿಹಾಕುವುದು ಸರಿಯಲ್ಲ.

ವಿದ್ಯಾರ್ಥಿ: 2016ರ ನೊಬೆಲ್ ಯೊಶಿನೊರಿ ಓಸುಮಿ ಅವರಿಗೆ ಬಂದದ್ದು ಆಟೋಫೇಜಿ ಹೇಗೆ ನಡೆಯುತ್ತದೆಂದು ಯೀಸ್ಟ್‌ನಲ್ಲಿ ಕಂಡುಹಿಡಿದದ್ದಕ್ಕೆ. ಅವರು ಉಪವಾಸವಿಟ್ಟದ್ದು ಯೀಸ್ಟನ್ನು ಸರ್, ಮನುಷ್ಯರನ್ನಲ್ಲ.

ಹಿರಿಯ ಸದಸ್ಯ: ಪುಸ್ತಕ ಓದಿದವರಿಗೆ ಮಾತ್ರ ಜ್ಞಾನವಿದೆ ಎಂದುಕೊಳ್ಳಬೇಡಪ್ಪ. ನಾನು ವರ್ಷಗಳಿಂದ ಉಪವಾಸ ಮಾಡುತ್ತಿದ್ದೇನೆ, ಆರೋಗ್ಯವಾಗಿಯೇ ಇದ್ದೇನೆ.

ವಿದ್ಯಾರ್ಥಿ: ನಿಮ್ಮ ಆರೋಗ್ಯ ಐದು ವಾರದ ಕೂಸಿಗೆ ಪುರಾವೆಯಾಗುವುದಿಲ್ಲ.

ಮತ್ತೊಬ್ಬ ಸದಸ್ಯೆ: ಹಿರಿಯರೊಡನೆ ಮಾತನಾಡುವ ರೀತಿಯೇ ಇದು?

ವಿದ್ಯಾರ್ಥಿ: ತಪ್ಪು ಸಲಹೆಗೆ ವಯಸ್ಸಿನ ರಿಯಾಯಿತಿ ಇಲ್ಲ.

ಇನ್ನೊಬ್ಬ ಸದಸ್ಯ: ಟಡ್‌ಕಾ ಎಂಬ ಪಿತ್ತಾಮ್ಲದ ಮಾತ್ರೆ ಮಡಿಕೆ ತಪ್ಪಿದ ಪ್ರೋಟೀನನ್ನು ಸರಿಪಡಿಸುತ್ತದೆ ಎಂಬ ವಿಡಿಯೊ ಬಂದಿದೆ. ತೆಗೆದುಕೊಳ್ಳಬಹುದೇ?

ತಜ್ಞೆ: ಇದೇ ಪದಾರ್ಥವನ್ನು ಸೋಡಿಯಂ ಫೀನೈಲ್‌ಬ್ಯುಟಿರೇಟ್ ಜೊತೆ ಸೇರಿಸಿದ ಎಎಲ್‌ಎಸ್ (ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಸಾಯುವ ಕಾಯಿಲೆ) ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿತ್ತು. ದೊಡ್ಡ ಪ್ರಯೋಗದಲ್ಲಿ ಉಪಯೋಗ ಕಾಣದ ಕಾರಣ 2024ರಲ್ಲಿ ಕಂಪನಿಯೇ ಅದನ್ನು ಹಿಂದಕ್ಕೆ ಪಡೆಯಿತು. ವಿಡಿಯೊದಲ್ಲಿ ಇಷ್ಟನ್ನೂ ಹೇಳಿದ್ದಾರೆಯೇ ನೋಡಿ.

ಒಬ್ಬ ಸದಸ್ಯೆ: ಮರೆವಿನ ಕಾಯಿಲೆಯವರು ಪ್ರೋಟೀನ್ ಪುಡಿ ನಿಲ್ಲಿಸಬೇಕೇ?

ತಜ್ಞೆ: ಮೇಲೆ ಉತ್ತರಿಸಿದ್ದೇನೆ.

ಮಗುವಿನ ತಾಯಿ: ಒಟ್ಟು ಬಿಲಿರುಬಿನ್ 7.1, ಡೈರೆಕ್ಟ್ 4.8. ನಿನ್ನೆ ರಕ್ತ ತೆಗೆದ ಹಿಮ್ಮಡಿಯಲ್ಲಿ ಬಹಳ ಹೊತ್ತು ಜಿನುಗುತ್ತಲೇ ಇತ್ತು, ಎರಡು ಬಾರಿ ಪಟ್ಟಿ ಬದಲಾಯಿಸಿದೆವು. ಮುಂದಿನ ವಾರ ಬರಲು ಹೇಳಿದ್ದಾರೆ.

ತಜ್ಞೆ: ಮುಂದಿನ ವಾರಕ್ಕೆ ಕಾಯಬೇಡಿ ತಾಯಿ, ಈಗಲೇ ಮಕ್ಕಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ. ಪಿತ್ತ ಕರುಳಿಗೆ ಇಳಿಯದಿದ್ದಾಗ ಕೊಬ್ಬಿನಲ್ಲಿ ಕರಗುವ ಕೆ ಜೀವಸತ್ವ ದೇಹಕ್ಕೆ ಸೇರುವುದಿಲ್ಲ. ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ, ಇಂಥ ಮಕ್ಕಳಲ್ಲಿ ಮೆದುಳಿನೊಳಗೇ ರಕ್ತಸ್ರಾವವಾಗಬಹುದು. ಪಿಟಿ-ಐಎನ್‌ಆರ್ ಎಂಬ ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ, ಕೆ ಜೀವಸತ್ವದ ಇಂಜೆಕ್ಷನ್, ಹೊಟ್ಟೆಯ ಸ್ಕ್ಯಾನ್, ಈ ಮೂರನ್ನೂ ಕೇಳಿ. ಹಿಮ್ಮಡಿಯಲ್ಲಿ ರಕ್ತ ನಿಲ್ಲದಿದ್ದದ್ದನ್ನೂ ಮಲದ ಬಣ್ಣವನ್ನೂ ನೀವಾಗಿಯೇ ಹೇಳಿ. ದಾರಿಯಲ್ಲಿಯೂ ಹಾಲು ಕುಡಿಸುತ್ತಿರಿ.

ಹಿರಿಯ ಸದಸ್ಯ: ನಾನು ಹೇಳಿದ್ದು ದೊಡ್ಡವರ ಉಪವಾಸದ ಬಗ್ಗೆ, ಮಗುವಿನ ಬಗ್ಗೆ ಅಲ್ಲ.

ತಜ್ಞೆ: ಬರೆದದ್ದು ಮಗುವಿನ ಪ್ರಶ್ನೆಯ ಕೆಳಗೆ. ಉಪವಾಸದ ಕುರಿತ ಸಂದೇಶಗಳನ್ನು ಇನ್ನು ಅಳಿಸಲಾಗುವುದು.

ಮೊದಲ ಸದಸ್ಯ: ನಮ್ಮ ತಂದೆಗೆ ಪಾರ್ಕಿನ್‌ಸನ್ ಇದೆ. ಅದೂ ಇದೇ ಬಗೆಯ ಕಾಯಿಲೆಯೇ ಎಂದು ಆಗಲೇ ಕೇಳಬೇಕೆಂದಿದ್ದೆ.

ಮಗುವಿನ ತಾಯಿ: ಹೊರಟಿದ್ದೇವೆ ಮೇಡಂ.

ತಜ್ಞೆ: ಐಎನ್‌ಆರ್ ಬಂದ ಕೂಡಲೇ ತಿಳಿಸಿ.