ದೊಡ್ಡಪ್ಪನ ಫಾರ್ವರ್ಡ್ ಮತ್ತು ಹಳದಿ ಲೈಟು

ಕಳೆದ ಶನಿವಾರ ರಾತ್ರಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ದೊಡ್ಡಪ್ಪನನ್ನು ಕೇಳಿಯೇ ಹಾಕುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು. ನಡುವೆ ಬಂದ ಏಳು ಶುಭರಾತ್ರಿ ಚಿತ್ರಗಳನ್ನೂ ಹಲಸಿನ ಹಪ್ಪಳದ ಒಂದು ಫೋಟೋವನ್ನೂ ಬಿಟ್ಟಿದ್ದೇನೆ.

ತೀರ್ಥಹಳ್ಳಿ ದೊಡ್ಡಪ್ಪ: "ಕಾರಿನಲ್ಲಿ ಇಂಜಿನ್ ಲೈಟ್ ಬಂದರೆ ಹೆದರಬೇಡಿ!! ಶೋರೂಮಿನವರು ಹೇಳದ ಗುಟ್ಟು. ಬ್ಯಾಟರಿಯ ಮೈನಸ್ ವೈರ್ 15 ನಿಮಿಷ ಬಿಚ್ಚಿಡಿ. ಲೈಟ್ ಮಾಯ! ಸಾವಿರಾರು ರೂಪಾಯಿ ಉಳಿತಾಯ. ತಪ್ಪದೇ ಎಲ್ಲರಿಗೂ ಕಳಿಸಿ."

ತೀರ್ಥಹಳ್ಳಿ ದೊಡ್ಡಪ್ಪ: ಇದು ನಿಜ. ನಾನೇ ಮಾಡಿ ನೋಡಿದ್ದೇನೆ. ನಿನ್ನೆ ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯಲ್ಲಿ ಹಳದಿ ಲೈಟ್ ಬಂತು. ಮನೆಗೆ ಬಂದು ವೈರ್ ಬಿಚ್ಚಿ ಹಾಕಿದೆ. ಈಗ ಎಂತದೂ ಇಲ್ಲ.

ಸಾಗರದ ಅತ್ತೆ: ನಮ್ಮನೆಯವರಿಗೂ ತೋರಿಸಿದೆ ಅಣ್ಣಾ 🙏

ಗ್ಯಾರೇಜ್ ಅಣ್ಣ: ದೊಡ್ಡಪ್ಪ, ಲೈಟ್ ಹೋಯಿತು, ಸರಿ. ಬಂದಿದ್ದು ಯಾಕೆ?

ತೀರ್ಥಹಳ್ಳಿ ದೊಡ್ಡಪ್ಪ: ಹೋದ ಮೇಲೆ ಅದೆಲ್ಲ ಎಂತಕ್ಕೆ ಮಾರಾಯ?

ಗ್ಯಾರೇಜ್ ಅಣ್ಣ: ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದಿದೆ ಅಂತ ಹೇಳಲು ಬಂದ ಆಳನ್ನು ಗದರಿಸಿ ಕಳಿಸಿದರೆ ರೋಗ ಹೋಗುತ್ತದಾ? ಇಂಜಿನ್ ಕಂಪ್ಯೂಟರ್ ತಪ್ಪು ಕಂಡಾಗ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ಆಗ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸುತ್ತುತ್ತಿತ್ತು, ಗಾಡಿ ಎಷ್ಟು ಸ್ಪೀಡಲ್ಲಿತ್ತು, ಅದೂ ಇರುತ್ತದೆ. ಬ್ಯಾಟರಿ ಬಿಚ್ಚಿದರೆ ಹೆಚ್ಚಿನ ಗಾಡಿಗಳಲ್ಲಿ ಅಷ್ಟೂ ಅಳಿಸಿಹೋಗುತ್ತದೆ. ಈಗ ನಾನು ಸ್ಕ್ಯಾನರ್ ಹಾಕಿದರೂ ಬರೀ ಸೊನ್ನೆ.

(ಅಣ್ಣನಿಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಗ್ಯಾರೇಜ್ ಇದೆ. ದೊಡ್ಡಪ್ಪನ ಪ್ರಕಾರ ಅದೇ ಅವನ ದೋಷ.)

ತೀರ್ಥಹಳ್ಳಿ ದೊಡ್ಡಪ್ಪ: ಅಂಬಾಸಿಡರ್‌ನಲ್ಲಿ ಈ ಲೈಟೇ ಇರಲಿಲ್ಲ. ಅದರಲ್ಲಿ ಎಷ್ಟು ಸಲ ಘಾಟಿ ಹತ್ತಿಲ್ಲ! ಈ ಲೈಟ್ ಇಟ್ಟಿದ್ದೇ ನಿಮ್ಮಂಥವರ ಹೊಟ್ಟೆಪಾಡಿಗೆ.

ಬೆಂಗಳೂರಿನ ತಂಗಿ: ಹೊಟ್ಟೆಪಾಡಿಗಲ್ಲ ದೊಡ್ಡಪ್ಪ, ಹೊಗೆಯ ನಿಯಮಕ್ಕೆ. ನಮ್ಮಲ್ಲಿ ಹೊಸ ಕಾರುಗಳಿಗೆ 2010ರಲ್ಲಿ ಓಬಿಡಿ, ಅಂದರೆ ಗಾಡಿ ತನ್ನ ತಪ್ಪನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ, ಬಂತು, 2013ರಿಂದ ಅದರ ಎರಡನೇ ಹಂತ. ನಿಮ್ಮ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ ನೋಡಿ. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಕೋಡ್ ಮೊಬೈಲಿನಲ್ಲೇ ಬರುತ್ತದೆ.

ತೀರ್ಥಹಳ್ಳಿ ದೊಡ್ಡಪ್ಪ: ಇಷ್ಟೆಲ್ಲ ಗೊತ್ತಿದ್ದವಳು ಇನ್ನೂ ಬಸ್ಸಿನಲ್ಲೇ ಬರುತ್ತೀಯಲ್ಲ.

ಹೊಸನಗರದ ಭಾವ: ಸುಮ್ನೆ ಹೆದರಿಸಬೇಡಿ. ನಾನು ಆ ಲೈಟ್ ಇಟ್ಟುಕೊಂಡೇ ಒಂದು ತಿಂಗಳು ಓಡಿಸಿದ್ದೇನೆ. ಕೊನೆಗೆ ನೋಡಿದರೆ ಆಕ್ಸಿಜನ್ ಸೆನ್ಸರ್. ಗಾಡಿಗೆ ಏನೂ ಆಗಲಿಲ್ಲ.

ಸಾಗರದ ಅತ್ತೆ: ಪೆಟ್ರೋಲ್ ಮುಚ್ಚಳ ಸಡಿಲ ಇದ್ದರೂ ಬರುತ್ತದಂತೆ ಅಲ್ವಾ?

ಗ್ಯಾರೇಜ್ ಅಣ್ಣ: ಕೆಲವು ಗಾಡಿಗಳಲ್ಲಿ ಬರುತ್ತದೆ ಅತ್ತೆ. ಟಿಕ್ ಟಿಕ್ ಅನ್ನುವ ತನಕ ತಿರುಗಿಸಿದರೆ ಆಯಿತು. ಭಾವ ಹೇಳಿದ್ದೂ ಪೂರ್ತಿ ತಪ್ಪಲ್ಲ. ಲೈಟ್ ಹಳದಿ, ಒಂದೇ ಸಮನೆ ಉರಿಯುತ್ತಿದೆ, ಗಾಡಿ ಎಂದಿನಂತೆ ಓಡುತ್ತಿದೆ ಅಂದರೆ ನಿಧಾನವಾಗಿ ಮನೆಗೆ ಹೋಗಬಹುದು. ಒಂದೆರಡು ದಿನದಲ್ಲಿ ಸ್ಕ್ಯಾನ್ ಮಾಡಿಸಬೇಕು. ತಿಂಗಳು ಬಿಟ್ಟಿದ್ದು ಜಾಸ್ತಿಯಾಯಿತು. ಕೆಂಪು ಲೈಟಿನ ಕಥೆಯೇ ಬೇರೆ. ಆಯಿಲ್ ಡಬ್ಬಿ ಚಿತ್ರ ಕೆಂಪಗೆ ಬಂದರೆ ಬದಿಗೆ ತೆಗೆದು ಕೂಡಲೇ ಇಂಜಿನ್ ಆಫ್. ಇನ್ನೊಂದು ಕಿಲೋಮೀಟರ್ ಅಂತ ಎಳೆದರೂ ಇಂಜಿನ್ ಹಿಡಿದುಕೊಂಡು ಜಾಮ್ ಆಗಬಹುದು.

ತೀರ್ಥಹಳ್ಳಿ ದೊಡ್ಡಪ್ಪ: ನನ್ನದು ಹಳದಿಯೇ. ಮುಗೀತಲ್ಲ. ಸೋಮವಾರ ಮತ್ತೆ ಮಣಿಪಾಲಕ್ಕೆ ಹೋಗಬೇಕು. ಇವಳ ಕಣ್ಣು ತೋರಿಸಬೇಕು.

ದೊಡ್ಡಮ್ಮ: ಅದು ಸುಮ್ಮನೆ ಉರಿಯುತ್ತಿರಲಿಲ್ಲ. ಮಿಣುಕುತ್ತಿತ್ತು.

(ದೊಡ್ಡಮ್ಮ ಈ ಗುಂಪಿನಲ್ಲಿ ಬರೆಯುವುದೇ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ.)

ದೊಡ್ಡಮ್ಮ: ಘಾಟಿಯ ಅರ್ಧದಿಂದ ಕಾರು ಮುಗ್ಗರಿಸುತ್ತಿತ್ತು. ನಿಲ್ಲಿಸಿ ಅಂದೆ. ಮಿಂಚುಹುಳ ಅಂದುಕೊಂಡು ಸುಮ್ನೆ ಕೂತ್ಕೋ ಅಂದರು.

ಮೂರು ನಿಮಿಷ ಗುಂಪಿನಲ್ಲಿ ಯಾರದೂ ಸದ್ದಿಲ್ಲ. ದೊಡ್ಡಪ್ಪ ಟೈಪ್ ಮಾಡುವುದು ಕಾಣಿಸುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

ಗ್ಯಾರೇಜ್ ಅಣ್ಣ: ಇದನ್ನು ಮೊದಲೇ ಹೇಳುವುದಲ್ಲವಾ! ಮಿಣುಕಿದರೆ ಇಂಜಿನ್ ಮಿಸ್ಸಿಂಗ್ ಅಂತ ಅರ್ಥ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿನ ದಾರಿಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರೊಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ, ಅದೇ ಕರಗಿಹೋಗಬಹುದು. ಹೊಸದಕ್ಕೆ ಹತ್ತಾರು ಸಾವಿರ. ಅಷ್ಟು ಕಾದ ಗಾಡಿಯನ್ನು ಒಣ ದರಕಿನ ಮೇಲೆ ನಿಲ್ಲಿಸಲೂಬಾರದು, ಬೆಂಕಿ ಹತ್ತೀತು.

ಬೆಂಗಳೂರಿನ ತಂಗಿ: ಹಾಗಾದರೆ ಮಿಣುಕಿದ ಕೂಡಲೇ ನಿಲ್ಲಿಸಬೇಕಾ?

ಗ್ಯಾರೇಜ್ ಅಣ್ಣ: ಆಕ್ಸಿಲರೇಟರ್ ಕಾಲು ತೆಗೆದು ಜಾಗ ನೋಡಿ ಬದಿಗೆ ಹಾಕಬೇಕು. ಘಾಟಿಯ ತಿರುವಿನಲ್ಲೇ ನಿಲ್ಲಿಸಿದರೆ ಹಿಂದಿನ ಬಸ್ಸು ಬಂದು ಗುದ್ದುತ್ತದೆ. ಮಿಣುಕುವುದು ನಿಲ್ಲದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಬೇಕು, ಇಲ್ಲ ಟೋ ಮಾಡಿಸಬೇಕು.

ತೀರ್ಥಹಳ್ಳಿ ದೊಡ್ಡಪ್ಪ: ಈಗ ಸ್ಟಾರ್ಟ್ ಮಾಡಿ ನೋಡಿದೆ. ಬೆಣ್ಣೆ ಹಾಗೆ ಓಡುತ್ತಿದೆ.

ಗ್ಯಾರೇಜ್ ಅಣ್ಣ: ಅಂಗಳದಲ್ಲಿ ಭಾರ ಎಲ್ಲಿದೆ? ಏರಿನಲ್ಲಿ ಒತ್ತಿದಾಗ ಬರುತ್ತದೆ. 14 ತಿರುವು, ಈ ಮಳೆ, ಮಂಜು. ಅಲ್ಲಿ ನಿಂತರೆ ಯಾರಿಗೆ ಫೋನ್ ಮಾಡುತ್ತೀರಿ, ನೆಟ್‌ವರ್ಕ್ ಸಿಕ್ಕರೆ ತಾನೆ? ಶಿವಮೊಗ್ಗಕ್ಕೂ ತರಬೇಡಿ, 60 ಕಿಲೋಮೀಟರ್ ದೂರ. ನಾಳೆ ನಾನೇ ಬರುತ್ತೇನೆ.

ತೀರ್ಥಹಳ್ಳಿ ದೊಡ್ಡಪ್ಪ: ಬಾ. ಊಟಕ್ಕೆ ಬಾ. ಕಾರಿಗೆ ಅಂತ ಬರಬೇಡ.

ದೊಡ್ಡಮ್ಮ: ಕಾರಿಗೇ ಬಾ.

ಭಾನುವಾರ ಮಧ್ಯಾಹ್ನ ಅಣ್ಣ ಫೋಟೋ ಹಾಕಿದ. ಬಾನೆಟ್ ತೆರೆದಿದೆ. ಇಂಜಿನ್ ಮೇಲೆ ಅಡಿಕೆ ಸಿಪ್ಪೆಯ ರಾಶಿ, ಬಿಳಿ ಬಟ್ಟೆಯ ಚೂರುಗಳು.

ಗ್ಯಾರೇಜ್ ಅಣ್ಣ: ಮನೆ ಹಿಂದಿನ ಏರು ಎರಡು ಸಲ ಹತ್ತಿಸಿದೆ. ಮಿಣುಕಿತು. ಕೋಡ್ ಪಿ 0302, ಎರಡನೇ ಸಿಲಿಂಡರ್ ಮಿಸ್ಸಿಂಗ್. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿಗೆ ಹೋಗುವ ವೈರನ್ನು ಇಲಿ ಕಡಿದಿದೆ. ಪೂರ್ತಿ ತುಂಡಾಗಿಲ್ಲ. ಹಾಗಾಗಿ ನೀರು ತಾಗಿದಾಗ, ಅಲುಗಾಡಿದಾಗ ಮಾತ್ರ ತೊಂದರೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಬಂದು ಕೂತಿದೆ, ಪಾಪ. ವೈರ್ ಸರಿಮಾಡಿದ್ದೇನೆ. ಕ್ಯಾಟಲಿಟಿಕ್ ಬದುಕಿದ ಹಾಗಿದೆ.

ದೊಡ್ಡಮ್ಮ: ಆ ಬಿಳಿ ಬಟ್ಟೆ ಇವರ ಬನಿಯನ್. ಹದಿನೈದು ದಿನದಿಂದ ನನ್ನನ್ನು ಬೈಯುತ್ತಿದ್ದರು.

ಹೊಸನಗರದ ಭಾವ: 😂😂 ನಾನೂ ಇವತ್ತು ಬಾನೆಟ್ ತೆಗೆದು ನೋಡುತ್ತೇನೆ.

ಗ್ಯಾರೇಜ್ ಅಣ್ಣ: ದೊಡ್ಡಪ್ಪ, ಆ ಫಾರ್ವರ್ಡ್ ಡಿಲೀಟ್ ಮಾಡಿ.

ತೀರ್ಥಹಳ್ಳಿ ದೊಡ್ಡಪ್ಪ: ಇಲ್ಲಿಂದ ತೆಗೆಯುತ್ತೇನೆ. ಇನ್ನೂ ನಾಲ್ಕೈದು ಗುಂಪಿಗೆ ಹೋಗಿದೆ. ಯಾವುದಕ್ಕೆ ಅಂತ ನೆನಪಿಲ್ಲ.

ರಾತ್ರಿ 9 ಗಂಟೆಗೆ ಮತ್ತೆ ಬಂತು.

ತೀರ್ಥಹಳ್ಳಿ ದೊಡ್ಡಪ್ಪ: "ಕಾರಿನಲ್ಲಿ ಇಲಿ ಕಾಟವೇ? ಶೋರೂಮಿನವರು ಹೇಳದ ಗುಟ್ಟು!! ಬಾನೆಟ್ ಒಳಗೆ ಹೊಗೆಸೊಪ್ಪಿನ ಎಲೆ ಕಟ್ಟಿಡಿ. ಇಲಿ ಮಾಯ. ತಪ್ಪದೇ ಎಲ್ಲರಿಗೂ ಕಳಿಸಿ."

ಸಾಗರದ ಅತ್ತೆ: ನಮ್ಮನೆಯವರಿಗೂ ತೋರಿಸಿದೆ ಅಣ್ಣಾ 🙏