ಜಾತ್ರೆಯ ಅನಿಮೇಷನ್‌ನಲ್ಲಿ ಪಾತ್ರಗಳು ತಾವಾಗಿಯೇ ನಿರ್ಧಾರ ತೆಗೆದುಕೊಳ್ಳುವಂತೆ ಮಾಡುವುದು ಹೇಗೆ?

ಪ್ರಶ್ನೆ (ಬಾಗಲಕೋಟೆಯಿಂದ):
ಬಾದಾಮಿಯ ಬನಶಂಕರಿ ಜಾತ್ರೆಯ ತೇರಿನ ದೃಶ್ಯವನ್ನು ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸುಮಾರು ಮುನ್ನೂರು ಪಾತ್ರಗಳಿಗೆ ಒಂದೊಂದಾಗಿ ಕೀಫ್ರೇಮ್ (ಯಾವ ಕ್ಷಣದಲ್ಲಿ ಯಾವ ಭಂಗಿ ಎಂಬ ಗುರುತು) ಹಾಕುವುದು ಆಗದ ಮಾತಾದ್ದರಿಂದ, ಗುಂಪಿನ ಚಲನೆಯನ್ನು ತಾನಾಗಿಯೇ ಮೂಡಿಸಲು ಬ್ಲೆಂಡರ್‌ನಲ್ಲೇ ಇರುವ ಬಾಯ್ಡ್ಸ್ ಸೌಲಭ್ಯವನ್ನು ಬಳಸಿದೆ. ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿಲ್ಲ, ನಿಜ. ಆದರೆ ಎಲ್ಲರೂ ಕುರಿಹಿಂಡಿನಂತೆ ಒಂದೇ ಕಡೆ ಸಾಗುತ್ತಾರೆ. ಬೆಂಡು-ಬತ್ತಾಸಿನ ಅಂಗಡಿಯ ಮುಂದೆ ಒಬ್ಬರೂ ನಿಲ್ಲುವುದಿಲ್ಲ, ಉತ್ತತ್ತಿ ಎಸೆಯಲು ತೇರಿನತ್ತ ನುಗ್ಗುವವರೂ ಇಲ್ಲ. ಇದಕ್ಕೆ ಯಂತ್ರಕಲಿಕೆಯೇ (ಉದಾಹರಣೆ, ಅಭ್ಯಾಸಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಬೇಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಬೆಳಗಾವಿಯಿಂದ):
ಬಾಯ್ಡ್ಸ್‌ನಿಂದ ಅದಕ್ಕಿಂತ ಹೆಚ್ಚಿನದನ್ನು ಅಪೇಕ್ಷಿಸುವಂತಿಲ್ಲ. ಅದಕ್ಕೆ ಆಧಾರವಾದ, ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಕ್ರೇಗ್ ರೆನಾಲ್ಡ್ಸ್ ಅವರು 1987ರ ಪ್ರಬಂಧದಲ್ಲಿ ವಿವರಿಸಿದ ಮೂರು ನಿಯಮಗಳು, ಅಂದರೆ ನೆರೆಯವರಿಂದ ಅಂತರ ಕಾಯ್ದುಕೊಳ್ಳುವುದು, ಅವರ ದಿಕ್ಕಿಗೂ ವೇಗಕ್ಕೂ ಹೊಂದಿಕೊಳ್ಳುವುದು, ಗುಂಪಿನ ನಡುವಿಗೆ ಸರಿಯುವುದು, ಹಕ್ಕಿ ಮತ್ತು ಮೀನುಗಳ ಹಿಂಡಿನ ಚಲನೆಯನ್ನು ತೋರಿಸಲು ಹುಟ್ಟಿದಂಥವು. ಎಲ್ಲಿಗೆ ಹೋಗಬೇಕು, ಏಕೆ ಹೋಗಬೇಕು ಎಂಬುದನ್ನು ನೀವೇ ಬೇರೆಯಾಗಿ ಕೊಡಬೇಕು. ಪ್ರತಿ ಪಾತ್ರಕ್ಕೂ ಹಸಿವು, ದಣಿವು, ತೇರಿನ ಸೆಳೆತಗಳಿಗೆ 0 ಮತ್ತು 1ರ ನಡುವಿನ ಒಂದೊಂದು ಅಂಕಿ ಇಟ್ಟು, ಯಾವುದು ದೊಡ್ಡದೋ ಅದರಂತೆ ಗುರಿಯನ್ನು ಬದಲಿಸುವ ಸಣ್ಣ ಸ್ಕ್ರಿಪ್ಟ್ ಅನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಿರಿ. ರೆನಾಲ್ಡ್ಸ್‌ರ ನಿಯಮಗಳಲ್ಲಿ ಅಂತರ ಕಾಯುವುದೊಂದನ್ನು ಉಳಿಸಿಕೊಂಡರೆ ಸಾಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಹಾಗೆಯೇ ಬರೆದೆ, ಜನ ಚದುರಿದರು. ಆದರೆ ಒಬ್ಬ ಮುದುಕಿ ಅಂಗಡಿಯ ಕಡೆಗೆ ಎರಡು ಹೆಜ್ಜೆ, ತೇರಿನ ಕಡೆಗೆ ಎರಡು ಹೆಜ್ಜೆ ಇಡುತ್ತ ನಿಂತಲ್ಲೇ ತಿರುಗುತ್ತಿದ್ದಾಳೆ.

ಉತ್ತರ (ವಿಜಯಪುರದಿಂದ):
ಎರಡು ಬಯಕೆಗಳು ಸರಿಸಮವಾದಾಗ ಹೀಗಾಗುತ್ತದೆ. ಸಂಶೋಧಕರಾದ ಶಿಯಾವ್‌ಯುವಾನ್ ತು ಮತ್ತು ಡೆಮೆಟ್ರಿ ಟರ್ಜೋಪೌಲಸ್ ಅವರು 1994ರಲ್ಲಿ ಪ್ರಕಟಿಸಿದ, ಕಂಪ್ಯೂಟರ್ ಅನಿಮೇಷನ್‌ನ ಕೃತಕ ಮೀನುಗಳಿಗೆ ಹಸಿವು, ಭಯ ಮತ್ತು ಕೂಡುವ ಬಯಕೆ ಇದ್ದವು. ಜೊತೆಗೆ, ಹಿಡಿದ ಉದ್ದೇಶವನ್ನು ತಟ್ಟನೆ ಬಿಡದಂತೆ ಅವುಗಳಿಗೆ ಒಂದು ಪುಟ್ಟ ನೆನಪನ್ನೂ ಕೊಟ್ಟಿದ್ದರು. ನಿಮ್ಮ ಮುದುಕಿಗೆ ಬೇಕಾಗಿರುವುದೂ ಅದೇ. ಹೊಸ ಬಯಕೆ ಹಳೆಯದಕ್ಕಿಂತ, ಅಂದಾಜಿಗೆ, 0.2ರಷ್ಟಾದರೂ ಹೆಚ್ಚಾದ ಹೊರತು ಗುರಿ ಬದಲಾಗದಂತೆ ಮಾಡಿ.

ಯಂತ್ರಕಲಿಕೆ ಇಲ್ಲಿ ಅನವಶ್ಯಕ ಎಂಬುದು ನನ್ನ ಅಭಿಪ್ರಾಯ. ಎಡವಿದಾಗ ಮೈ ಸಾವರಿಸಿಕೊಳ್ಳುವಂಥ ಭೌತಿಕ ಚಲನೆಗೆ ಅದು ಉಪಯುಕ್ತ. ಆದರೆ ದೂರದಿಂದ ಕಾಣುವ ಜನಸಂದಣಿಗೆ ತರಬೇತಿಯ ಶ್ರಮ ದಂಡವೇ ಸರಿ. ಅದಕ್ಕಿಂತ, ಯಾದೃಚ್ಛಿಕ ಸಂಖ್ಯೆಗಳ ಸೀಡ್ (ಆ ಸಂಖ್ಯೆಗಳ ಸರಣಿಯನ್ನು ನಿರ್ಧರಿಸುವ ಆರಂಭದ ಅಂಕಿ) ಅನ್ನು ಸ್ಥಿರಗೊಳಿಸಿ, ನಿಮಗೆ ಒಪ್ಪಿಗೆಯಾದ ಚಲನೆಯನ್ನು ಬೇಕ್ ಮಾಡಿ, ಅಂದರೆ ಲೆಕ್ಕ ಹಾಕಿದಂತೆಯೇ ಉಳಿಸಿಟ್ಟುಕೊಳ್ಳಿ. ಇಲ್ಲವಾದರೆ ರೆಂಡರ್‌ನ (ಅಂತಿಮ ಚಿತ್ರಗಳನ್ನು ಮೂಡಿಸುವ) ಹೊತ್ತಿಗೆ ಬೇರೆಯೇ ಜಾತ್ರೆ ನೆರೆದೀತು. ಕ್ಯಾಮೆರಾದ ಮುಂದೆಯೇ ಇರುವ ನಾಲ್ಕಾರು ಮಂದಿಯನ್ನು ಮಾತ್ರ ಕೈಯಿಂದಲೇ ಅನಿಮೇಟ್ ಮಾಡಿ.