‘ಹಾಳಾಗಿದೆ’ ಬದಲು ‘ಕುಂದಿದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸರ್ವರ್‌ಗಳ ಎಚ್ಚರಿಕೆ ಸಂದೇಶಗಳಲ್ಲಿ ಬರುವ ‘ಡಿಗ್ರೇಡೆಡ್’ ಎಂಬುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ನಿಘಂಟುಗಳಲ್ಲಿ ಅರ್ಥ ಸಿಗುತ್ತದೆ. ನನಗೆ ಬೇಕಾದದ್ದು ನಡುರಾತ್ರಿ ಪರದೆಯ ಮೇಲೆ ಓದಿದವನಿಗೆ ಕೈ ಹಾಕಬೇಕೋ, ಸುಮ್ಮನೆ ಕಾಯಬೇಕೋ ಎಂದು ತಿಳಿಸುವ ಪದ.

ಮಂಗಳೂರಿನಲ್ಲಿ ನನ್ನ ಕೆಲಸ ದತ್ತಾಂಶ ಸಂಗ್ರಹದ್ದು. ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಕೂಡಿಸಿ ಒಂದೇ ಉಗ್ರಾಣದಂತೆ ನಡೆಸುವ ‘ಸೆಫ್’ ಎಂಬ ತಂತ್ರಾಂಶವನ್ನು ಬಳಸುತ್ತೇವೆ. ರಾತ್ರಿ ಪಾಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರೇ ಹೆಚ್ಚು. ಅವರಿಗಾಗಿ ಎಚ್ಚರಿಕೆ ಸಂದೇಶಗಳ ಕೈಪಿಡಿಯನ್ನು ಕನ್ನಡದಲ್ಲಿ ಬರೆದವನು ನಾನು. ‘ಡಿಗ್ರೇಡೆಡ್’ ಇದ್ದಲ್ಲಿ ‘ದತ್ತಾಂಶ ಹಾಳಾಗಿದೆ’ ಎಂದು ಬರೆದಿದ್ದೆ.

ಕಳೆದ ಮಳೆಗಾಲದ ಒಂದು ರಾತ್ರಿ ಒಂದು ಸರ್ವರ್ ಬಿತ್ತು. ಸಂದೇಶ ಬಂತು, ಹುಡುಗ ಕೈಪಿಡಿ ತೆರೆದು ನೋಡಿದ, ‘ಹಾಳಾಗಿದೆ’ ಎಂದು ಓದಿ ಗಾಬರಿಯಾಗಿ ಪಕ್ಕದ ಸರ್ವರನ್ನು ರೀಸ್ಟಾರ್ಟ್ ಮಾಡಿದ. ನಮ್ಮಲ್ಲಿ ಪ್ರತಿ ದತ್ತಾಂಶಕ್ಕೂ 3 ಪ್ರತಿಗಳು, ಬೇರೆ ಬೇರೆ ಸರ್ವರ್‌ಗಳಲ್ಲಿ. ಒಂದು ಹೋದರೂ ಉಳಿದ 2 ಪ್ರತಿಗಳಲ್ಲಿ ಓದು-ಬರಹ ನಡೆಯುತ್ತದೆ. ‘ಡಿಗ್ರೇಡೆಡ್’ ಎಂದರೆ ಇಷ್ಟೇ. ಒಂದೇ ಪ್ರತಿ ಉಳಿದರೆ ಮಾತ್ರ ಸೆಫ್ ಆ ಭಾಗದ ಕೆಲಸವನ್ನೇ ತಡೆದು ನಿಲ್ಲಿಸುತ್ತದೆ. ಆ ರಾತ್ರಿ ಆದದ್ದು ಹಾಗೆ. ಯಾರಿಗೂ ಗೊತ್ತಾಗದೆ ಸಾಗುತ್ತಿದ್ದ ಕೆಲಸ, ಎರಡನೆಯ ಸರ್ವರ್ ಇಳಿದ ಕ್ಷಣಕ್ಕೆ ನಿಂತಿತು. ಅದು ಎದ್ದ ಮೇಲೆ ಎಲ್ಲ ಸರಿಹೋಯಿತು, ಒಂದಕ್ಷರವೂ ಕಳೆಯಲಿಲ್ಲ. ಆದರೆ ಹುಡುಗ ಮಾಡಿದ್ದು ನಾನು ಬರೆದ ಪದಕ್ಕೆ ತಕ್ಕ ಕೆಲಸವನ್ನೇ. ಹಾಳಾದದ್ದನ್ನು ಯಾರು ತಾನೇ ನೋಡುತ್ತ ಕೂರುತ್ತಾರೆ?

ಅಂದಿನಿಂದ ಹುಡುಕುತ್ತಿದ್ದೇನೆ. ‘ಶಿಥಿಲ’ ಎಂದರೆ ಹಳೆಯ ಸೇತುವೆ ಕಣ್ಣಿಗೆ ಬರುತ್ತದೆ, ಹತ್ತಿರ ಹೋಗಬೇಡಿ ಎಂದಂತಾಗುತ್ತದೆ. ‘ಊನ’ ಎಂದರೆ ಶಾಶ್ವತವಾದದ್ದು. ‘ಮುಕ್ಕಾಗಿದೆ’ ಎಂಬುದು ನನಗೆ ಬಹಳ ಹಿಡಿಸಿತ್ತು, ಒಂದು ಚೂರು ಮಾತ್ರ ಹೋಗಿದೆ ಎಂಬ ಅರ್ಥ ಅದರಲ್ಲಿದೆ. ಆದರೆ ಮುಕ್ಕಾದ ವಿಗ್ರಹಕ್ಕೆ ಪೂಜೆ ಇಲ್ಲ, ಮುಕ್ಕಾದದ್ದು ತಾನಾಗಿ ತುಂಬಿಕೊಳ್ಳುವುದೂ ಇಲ್ಲ. ಸೆಫ್‌ನಲ್ಲಿ ಕಳೆದ ಪ್ರತಿ ಮತ್ತೆ ಹುಟ್ಟುತ್ತದೆ.

ಈಗ ‘ಕುಂದಿದೆ’ ಎಂಬಲ್ಲಿ ಬಂದು ನಿಂತಿದ್ದೇನೆ. ದೀಪ ಕುಂದುತ್ತದೆ, ಎಣ್ಣೆ ಹೊಯ್ದರೆ ಮತ್ತೆ ಬೆಳಗುತ್ತದೆ. ಬೆಳಕಂತೂ ಉಂಟು, ಕಡಿಮೆಯಾಗಿದೆ ಅಷ್ಟೆ. ‘ದತ್ತಾಂಶ’ ಎಂಬುದನ್ನು ಬಿಟ್ಟು ‘ಪ್ರತಿ ಕುಂದಿದೆ’ ಎಂದರೆ ಏನು ಕಡಿಮೆಯಾಯಿತು ಎಂಬುದೂ ಸ್ಪಷ್ಟ. (‘ನಕಲು’ ಬೇಡ. ಅಸಲು ಬೇರೆಲ್ಲೋ ಇದೆ ಎಂಬ ಅನುಮಾನ ಬರುತ್ತದೆ. ಇಲ್ಲಿ ಮೂರೂ ಅಸಲೇ.)

ಇದಕ್ಕೆ ಅಂಟಿಕೊಂಡೇ ‘ಡೌನ್’ ಮತ್ತು ‘ಔಟ್’ ಎಂಬ ಜೋಡಿ ಉಂಟು. ಎರಡಕ್ಕೂ ‘ಹೋಗಿದೆ’ ಎಂದರೆ ಕೆಟ್ಟಿತು. ಡಿಸ್ಕ್ ಉತ್ತರ ಕೊಡದಿದ್ದರೆ ಅದು ಡೌನ್. ಮಾಮೂಲಿಯಾಗಿ 600 ಸೆಕೆಂಡು ಕಾದ ಮೇಲೂ ಬಾರದಿದ್ದರೆ ಸೆಫ್ ಅದನ್ನು ಔಟ್ ಎಂದು ಲೆಕ್ಕದಿಂದ ತೆಗೆದು, ಅದರಲ್ಲಿದ್ದ ಪ್ರತಿಗಳನ್ನು ಬೇರೆ ಡಿಸ್ಕ್‌ಗಳಲ್ಲಿ ಕಟ್ಟಲು ತೊಡಗುತ್ತದೆ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷಧಾರಿ ಇನ್ನೂ ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ) ಬಂದಿಲ್ಲ ಎಂಬುದು ಒಂದು, ಅವನ ವೇಷವನ್ನು ಇನ್ನೊಬ್ಬರಿಗೆ ಕೊಟ್ಟಾಯಿತು ಎಂಬುದು ಇನ್ನೊಂದು. ನಾನು ‘ಸಿಗುತ್ತಿಲ್ಲ’, ‘ಕೈಬಿಟ್ಟಿದೆ’ ಎಂದು ಬರೆದುಕೊಂಡಿದ್ದೇನೆ. ‘ಕೈಬಿಟ್ಟಿದೆ’ಯಲ್ಲಿ ಯಾರು ಯಾರನ್ನು ಬಿಟ್ಟರು ಎಂಬ ಗೊಂದಲ ಉಳಿಯುತ್ತದೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇನ್ನು ಪದೇ ಪದೇ ಬಿದ್ದು ಏಳುವ ಡಿಸ್ಕ್‌ಗೆ ಹುಡುಗರೇ ಪದ ಕೊಟ್ಟರು: ‘ಹೋಗಿ ಬರ್ತಾ ಉಂಟು’. ಮಳೆಗಾಲದ ಕರೆಂಟಿಗೆ ಹೇಳುವ ಮಾತೇ ಅದು. ಅದನ್ನು ಹಾಗೆಯೇ ಇಟ್ಟಿದ್ದೇನೆ.

ಲೇಟೆನ್ಸಿ, ಅಂದರೆ ಕೇಳಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು, ಹೆಚ್ಚಾದಾಗ ಹೇಳುವ ‘ನಿಧಾನ’ದ ಬಗ್ಗೆಯೂ ತಕರಾರು ಇದೆ. ಹೊರಟವರಿಗೆ ‘ನಿಧಾನಕ್ಕೆ ಹೋಗಿ’ ಎನ್ನುವವರು ನಾವು. ಆ ಪದದಲ್ಲಿ ದೋಷ ಕೇಳಿಸುವುದಿಲ್ಲ. ಬರೆದದ್ದು ಆಗ ಕೆಲಸದಲ್ಲಿರುವ ಎಲ್ಲ ಪ್ರತಿಗಳಲ್ಲೂ ಸೇರಿದ ಮೇಲೆಯೇ ‘ಆಯಿತು’ ಎಂಬ ಉತ್ತರ ಬರುವುದರಿಂದ, ಸಾಯುತ್ತಿರುವ ಒಂದು ಡಿಸ್ಕ್ ತಡ ಮಾಡಿದರೆ ಅದರಲ್ಲಿ ಪ್ರತಿಯಿರುವ ಎಲ್ಲರಿಗೂ ತಡ. ಆದ್ದರಿಂದ ಲೇಟೆನ್ಸಿಗೆ ‘ತಡ’ ಎಂದೇ ಬಳಸುತ್ತಿದ್ದೇನೆ.

ಹೆಸರುಗಳನ್ನು ಕನ್ನಡಿಸುವ ಆಸೆ ನನಗಿಲ್ಲ. ಸೆಫ್‌ನ ಆವೃತ್ತಿಗಳಿಗೆ ಹೆಚ್ಚಾಗಿ ಆಕ್ಟೋಪಸ್ ಬಳಗಕ್ಕೆ ಸಂಬಂಧಿಸಿದ ಹೆಸರು. 2024ರದ್ದು ಸ್ಕ್ವಿಡ್, ಅಂದರೆ ನಮ್ಮ ಮಲ್ಪೆಯ ಬೊಂಡಾಸ್. ಹೆಸರು ಯಾವುದಾದರೂ ನಡೆಯುತ್ತದೆ. ಸ್ಥಿತಿ ಹೇಳುವ ಪದ ಮಾತ್ರ ತಪ್ಪಬಾರದು.

ಧಾರವಾಡ, ಮೈಸೂರು, ಕಲಬುರಗಿ ಕಡೆಯವರನ್ನು ಮುಖ್ಯವಾಗಿ ಕೇಳುತ್ತೇನೆ: ‘ಪ್ರತಿ ಕುಂದಿದೆ’ ಎಂದರೆ ನಿಮ್ಮ ಕಿವಿಗೆ ‘ಇನ್ನೂ ನಡೆಯುತ್ತಿದೆ’ ಎಂಬುದು ಕೇಳಿಸುತ್ತದೆಯೇ, ಅಥವಾ ‘ಕುಂದುಕೊರತೆ’ಯ ದೂರಿನ ನೆನಪು ಬರುತ್ತದೆಯೇ? ‘ಔಟ್’ಗೆ ‘ಕೈಬಿಟ್ಟಿದೆ’ಗಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಕೈಪಿಡಿಯ ಹೊಸ ಪ್ರತಿಯಲ್ಲಿ ಆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ.